ತಮಾಷಾ, ಜಾಝ್ ಮತ್ತು ‘ಮಾಣುಸಕಿ’: ಶೈಲಜಾ ಪೈಕ್ ಅವರ ಸಂಶೋಧನಾ ಮಾರ್ಗ

ಪುಣೆಯಿಂದ ಈಶಾನ್ಯಾಭಿಮುಖವಾಗಿ ಅಹಮದನಗರದ ಕಡೆಗೆ ಸಾಗುವ ಹೆದ್ದಾರಿಯನ್ನು, ಆ ಊರಿಗೆ ಈಗ ಅಹಿಲ್ಯಾನಗರವೆಂಬ ಹೆಸರು ಬಂದಿದ್ದರೂ, ಜನರು ನಗರ ರಸ್ತೆಯೆಂದೇ ಕರೆಯುತ್ತಾರೆ. ನದಿಯನ್ನು ದಾಟಿದ ಮೇಲೆ ಈ ದಾರಿಯಲ್ಲಿ ಸಿಗುವುದು ಯೆರವಡಾ. ೧೯೩೨ರ ಸೆಪ್ಟೆಂಬರ್ ೨೪ರಂದು ಪುಣೆ ಒಪ್ಪಂದವಾದ ಕಾರಾಗೃಹವಿರುವ ಸ್ಥಳ. ಮುಂದೆ ಹೋದರೆ ಮುಳಾ-ಮುಠಾ ನದಿಯ ದಂಡೆಯ ಖರಾಡಿ. ಅದನ್ನೂ ದಾಟಿದರೆ, ೧೮೧೮ರ ಯುದ್ಧದಲ್ಲಿ ಮಡಿದ ಮಹಾರ್ ಸೈನಿಕರ ಹೆಸರುಗಳನ್ನು ಹೊತ್ತ ಸ್ತಂಭವುಳ್ಳ ಭೀಮಾ ಕೋರೆಗಾಂವ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಖರಾಡಿ ಇಂದು ಇಯಾನ್ ಪಾರ್ಕಿನಂಥ ಗಾಜಿನ ಸೌಧಗಳ ಬಡಾವಣೆ. ಉದ್ಯೋಗನಿಮಿತ್ತ ಅಲ್ಲಿಗೆ ಬಂದು ನೆಲೆಸಿದ ಕನ್ನಡಿಗರು ನಿತ್ಯವೂ ಈ ರಸ್ತೆಯಲ್ಲಿ ಓಡಾಡುತ್ತಾರೆ. ಇದೇ ರಸ್ತೆಯ ಯೆರವಡಾದ ಕೊಳೆಗೇರಿಯೊಂದರಲ್ಲಿ, ಒಂದೇ ಕೋಣೆಯ ಮನೆಯಲ್ಲಿ, ದಲಿತ ಕುಟುಂಬವೊಂದರಲ್ಲಿ ಬೆಳೆದ ಶೈಲಜಾ ಪೈಕ್ ಅವರು ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕಿಯಾಗಿ ೨೦೨೪ರ ಅಕ್ಟೋಬರಿನಲ್ಲಿ ಮ್ಯಾಕ್‌ಆರ್ಥರ್ ಗೌರವಕ್ಕೆ ಪಾತ್ರರಾದರು. ಎಂಟು ಲಕ್ಷ ಡಾಲರುಗಳ ಈ ಗೌರವಧನವು ದಲಿತ ಸಮುದಾಯದ ವಿದ್ವಾಂಸರೊಬ್ಬರಿಗೆ ಸಂದದ್ದು ಅದೇ ಮೊದಲು.

ಆ ದಿನಗಳಲ್ಲಿ ವೃತ್ತಪತ್ರಿಕೆಗಳು ಅವರ ಬಾಲ್ಯದ ಬಡತನವನ್ನೂ ಪುರಸ್ಕಾರದ ಮೊತ್ತವನ್ನೂ ವಿಸ್ತಾರವಾಗಿ ವರ್ಣಿಸಿದವು. ಅವರ ಸಂಶೋಧನೆಯ ವಿಷಯವೇನು, ಅದರ ಪ್ರತಿಪಾದನೆಯೇನು ಎಂಬುದು ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಈ ವಿಷಯವಾದರೋ ಮಹಾರಾಷ್ಟ್ರದಲ್ಲಿರುವ ಕನ್ನಡಿಗರಿಗೆ, ಅದರಲ್ಲೂ ಉತ್ತರ ಕರ್ನಾಟಕದಿಂದ ಬಂದವರಿಗೆ, ತೀರ ಹತ್ತಿರದ್ದು. ಜನರ ಬಾಯಲ್ಲಿ ನಲಿಯುವ ಹಾಡನ್ನು ಸಮಾಜವು ಮೆಚ್ಚುತ್ತದೆ. ಆ ಹಾಡನ್ನು ಹಾಡಿ ಕುಣಿದ ಹೆಣ್ಣನ್ನು ಅದೇ ಸಮಾಜ ದೂರವಿಡುತ್ತದೆ. ಈ ಎರಡೂ ಕ್ರಿಯೆಗಳು ಒಟ್ಟಿಗೆ ನಡೆಯುವುದು ಹೇಗೆ ಎಂಬುದೇ ಅವರ ಜಿಜ್ಞಾಸೆಯ ಮೂಲ.

೧. ತಮಾಷಾ ಎಂದರೇನು?

‘ತಮಾಷಾ’ ಎಂಬ ಅರಬ್ಬೀ-ಫಾರಸೀ ಮೂಲದ ಪದವು ಕನ್ನಡದಲ್ಲಿ ‘ತಮಾಷೆ’ಯಾಗಿ, ವಿನೋದ, ಪರಿಹಾಸ್ಯ ಎಂಬ ಅರ್ಥದಲ್ಲಿ ನಿಂತಿದೆ. ಮರಾಠಿಯಲ್ಲಿ ಅದು ಒಂದು ಪ್ರದರ್ಶನ ಕಲೆಯ ಹೆಸರು. ಗಣಪತಿಯ ಸ್ತುತಿಯಾದ ‘ಗಣ’, ಕೃಷ್ಣ ಮತ್ತು ಗೋಪಿಯರ ಸರಸವಾದ ‘ಗೌಳಣ’, ಮಾತಿನ ಚಕಮಕಿಯಾದ ‘ಬತಾವಣಿ’, ಬಳಿಕ ಲಾವಣಿ, ಕಡೆಯಲ್ಲಿ ‘ವಗ’ ಎಂಬ ಕಥಾನಾಟಕ: ಇದು ಅದರ ಸಾಂಪ್ರದಾಯಿಕ ಕ್ರಮ. ಢೋಲ್ಕಿ, ಹಲಗಿ, ತುಣತುಣೆ, ಮಂಜಿರಾ ಇವು ವಾದ್ಯಗಳು. ನಗಿಸುವ ಪಾತ್ರಕ್ಕೆ ‘ಸೋಂಗಾಡ್ಯಾ’ ಎಂದು ಹೆಸರು. ಊರೂರು ತಿರುಗಿ ಪೂರ್ಣ ಆಟವಾಡುವ ಮೇಳಕ್ಕೆ ‘ಢೋಲ್ಕಿ ಫಡ’ ಎಂದೂ, ಒಂದೆಡೆ ನಿಂತು ಮುಖ್ಯವಾಗಿ ಲಾವಣಿ ಮತ್ತು ಅಭಿನಯಗಳನ್ನು ನಡೆಸುವ ಪದ್ಧತಿಗೆ ‘ಸಂಗೀತ ಬಾರಿ’ ಎಂದೂ ಹೇಳುತ್ತಾರೆ. ಪುಣೆ ಜಿಲ್ಲೆಯ ನಾರಾಯಣಗಾಂವ ಇಂದಿಗೂ ಫಡಗಳನ್ನು ಗೊತ್ತುಮಾಡುವ ಕೇಂದ್ರ. ವಸಂತಕಾಲದ ಜಾತ್ರೆಗಳಿಗೆ ಮೇಳಗಳು ಹೊರಡುವುದು ಅಲ್ಲಿಂದ. ಸೊಲ್ಲಾಪುರದ ಮಾರ್ಗವಾಗಿ ಕರ್ನಾಟಕಕ್ಕೆ ಹೋಗುವವರು ಚೌಫುಲಾದ ಕಲಾಕೇಂದ್ರಗಳ ನಾಮಫಲಕಗಳನ್ನು ಕಂಡಿರುತ್ತಾರೆ.

ಈ ಕಲೆಯ ಭಾರವನ್ನು ಹೊತ್ತವರು ಬಹುಮಟ್ಟಿಗೆ ಮಹಾರ್, ಮಾಂಗ್ ಮತ್ತು ಕೋಲ್ಹಾಟಿ ಸಮುದಾಯಗಳವರು. ಪೇಶ್ವೆಗಳ ಆಶ್ರಯದಲ್ಲಿ ರಾಮ ಜೋಶಿ, ಹೊನಾಜಿ ಬಾಳ, ಪ್ರಭಾಕರ ಮೊದಲಾದ ಶಾಹಿರರು ಪ್ರಸಿದ್ಧಿಗೆ ಬಂದರು. ಕವಿಗಳ ಹೆಸರುಗಳು ಸಾಹಿತ್ಯ ಚರಿತ್ರೆಯಲ್ಲಿ ಉಳಿದವು. ಆ ಪದಗಳಿಗೆ ಕಂಠವನ್ನೂ ಕಾಯವನ್ನೂ ಕೊಟ್ಟ ಹೆಂಗಸರ ಹೆಸರುಗಳು ಬಹುತೇಕ ಅಳಿದುಹೋದವು.

೨. ಜಾಝ್ ಸಂಗೀತದ ನಿದರ್ಶನ

ಇಂಥ ಪ್ರಶ್ನೆಯನ್ನು ಅಮೆರಿಕದ ವಿದ್ವಾಂಸರು ತಮ್ಮ ನಾಡಿನ ಸಂಗೀತದ ಬಗ್ಗೆ ಬಹುಕಾಲದಿಂದ ಎತ್ತಿದ್ದಾರೆ. ಪೈಕ್ ಅವರ ಕೃತಿಗಳ ಮಹತ್ತ್ವವನ್ನು ಅರಿಯಲು ಆ ಹಿನ್ನೆಲೆ ಸಹಾಯಕವಾದುದು.

ಜಾಝ್ ಸಂಗೀತವು ನ್ಯೂ ಆರ್ಲಿಯನ್ಸ್ ನಗರದ ಕಪ್ಪು ಜನರ ನಡುವೆ ರೂಪುಗೊಂಡಿತು. ಆದರೆ ೧೯೧೭ರಲ್ಲಿ ಹೊರಬಂದ ಮೊದಲ ಜಾಝ್ ಧ್ವನಿಮುದ್ರಿಕೆ ಬಿಳಿಯರ ತಂಡವೊಂದರದು. ೧೯೨೪ರಲ್ಲಿ ನ್ಯೂಯಾರ್ಕಿನ ಇಯೋಲಿಯನ್ ಸಭಾಂಗಣದಲ್ಲಿ ಜಾಝನ್ನು ಗೌರವಸ್ಥರ ಕಚೇರಿಗೆ ಯೋಗ್ಯವಾದ ಸಂಗೀತವೆಂದು ತೋರಿಸಲು ಹೊರಟ ಪಾಲ್ ವೈಟ್‌ಮನ್ ಸಹ ಬಿಳಿಯನೇ; ‘ಜಾಝ್ ಸಾಮ್ರಾಟ’ ಎಂಬ ಬಿರುದು ಅವನಿಗೆ ಸಂದಿತು. ಹಾರ್ಲೆಮ್ಮಿನ ಕಾಟನ್ ಕ್ಲಬ್ಬಿನಲ್ಲಿ ೧೯೨೭ರಿಂದ ಡ್ಯೂಕ್ ಎಲಿಂಗ್ಟನ್ನನ ವಾದ್ಯವೃಂದ ನುಡಿಸಿ ಜಗದ್ವಿಖ್ಯಾತವಾಯಿತು. ವೇದಿಕೆಯ ಮೇಲಿದ್ದವರು ಕಪ್ಪು ಕಲಾವಿದರು, ಕೆಳಗೆ ಕುಳಿತು ನೋಡುವ ಅವಕಾಶವಿದ್ದುದು ಬಿಳಿಯರಿಗೆ. ೧೯೩೮ರಲ್ಲಿ ಆರ್ಟಿ ಶಾ ಎಂಬವನ ಬಿಳಿಯರ ತಂಡದೊಡನೆ ಹಾಡುತ್ತಿದ್ದ ಬಿಲ್ಲಿ ಹಾಲಿಡೇ, ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಹೋಗಬೇಕಾಯಿತು.

ಈ ವೈಪರೀತ್ಯವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದ ಗ್ರಂಥಗಳಲ್ಲಿ ಲೀರಾಯ್ ಜೋನ್ಸ್ (ಅನಂತರದ ಹೆಸರು ಅಮೀರಿ ಬರಾಕಾ) ಬರೆದ ‘ಬ್ಲೂಸ್ ಪೀಪಲ್’ (೧೯೬೩) ಮುಖ್ಯವಾದುದು. ಸಂಗೀತದ ರೂಪಾಂತರಗಳಲ್ಲಿ ಗುಲಾಮರಾಗಿ ಬಂದ ಜನರ ಸಾಮಾಜಿಕ ಚರಿತ್ರೆಯನ್ನೇ ಓದಬಹುದೆಂದು ಅವನು ತೋರಿಸಿದನು. ಕ್ರಿನ್ ಗ್ಯಾಬರ್ಡ್ ಅವರು ‘ಜಾಮಿನ್ ಅಟ್ ದ ಮಾರ್ಜಿನ್ಸ್’ (೧೯೯೬) ಎಂಬ ಗ್ರಂಥದಲ್ಲಿ ಅಮೆರಿಕದ ಚಲನಚಿತ್ರಗಳು ಜಾಝನ್ನು ಚಿತ್ರಿಸಿದ ಬಗೆಯನ್ನು ವಿವೇಚಿಸಿದರು. ೧೯೨೭ರ ‘ದ ಜಾಝ್ ಸಿಂಗರ್’ ಚಿತ್ರದ ನಾಯಕ ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯನೆಂಬುದನ್ನು ನೆನೆದರೆ ಅಂಥ ವಿವೇಚನೆಯ ಅಗತ್ಯ ಸ್ಪಷ್ಟವಾಗುತ್ತದೆ. ಏಂಜೆಲಾ ಡೇವಿಸ್ ಅವರು ೧೯೯೮ರಲ್ಲಿ ಮಾ ರೇನಿ, ಬೆಸ್ಸಿ ಸ್ಮಿತ್, ಬಿಲ್ಲಿ ಹಾಲಿಡೇ ಎಂಬ ಮೂವರು ಗಾಯಕಿಯರ ಬಗೆಗೆ ಬರೆದ ಗ್ರಂಥದಲ್ಲಿ ಮತ್ತೊಂದು ಹೆಜ್ಜೆ ಮುಂದಿಟ್ಟರು. ಕಪ್ಪು ಜನರಲ್ಲಿಯೇ ವಿದ್ಯಾವಂತರಾದ ಮಧ್ಯಮವರ್ಗದವರು ಬ್ಲೂಸ್ ಹಾಡುಗಳನ್ನು ಕೀಳೆಂದು ಬಗೆದರು. ಆದರೆ ದುಡಿಯುವ ಹೆಂಗಸರು ತಮ್ಮ ಆಸೆ, ಕೋಪ, ಅಲೆದಾಟಗಳನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಲು ದೊರೆತ ಮಾಧ್ಯಮ ಅದೇ ಆಗಿತ್ತು ಎಂಬುದು ಅವರ ವಾದ.

ಹೀಗೆ ಜಾಝ್ ಅಧ್ಯಯನದಲ್ಲಿ ಮೂರು ಪ್ರಶ್ನೆಗಳು ನೆಲೆಗೊಂಡವು. ಸಂಗೀತವನ್ನು ಹುಟ್ಟಿಸಿದವರಾರು, ಅದರ ಕೀರ್ತಿಯನ್ನುಂಡವರಾರು? ‘ಅಸಭ್ಯ’, ‘ಸಭ್ಯ’ ಎಂಬ ಗೆರೆಯನ್ನು ಎಳೆದವರಾರು? ಆ ಗೆರೆಯ ಹೊರಗುಳಿದ ಹೆಣ್ಣಿನ ಪಾಡೇನು? ಪೈಕ್ ಅವರ ತಮಾಷಾ ಅಧ್ಯಯನದಲ್ಲಿ ಈ ಮೂರೂ ಪ್ರಶ್ನೆಗಳು ಜಾತಿಯ ಹಿನ್ನೆಲೆಯಲ್ಲಿ ಮರುಹುಟ್ಟು ಪಡೆದಿವೆ.

೩. ಪುಣೆ ಮತ್ತು ಅಮೆರಿಕ: ಹಳೆಯ ಬಾಂಧವ್ಯ

ಜಾತಿಯನ್ನೂ ವರ್ಣಭೇದವನ್ನೂ ಜೊತೆಗಿಟ್ಟು ನೋಡುವ ದೃಷ್ಟಿ ಈ ಕಾಲದ ವಿಶ್ವವಿದ್ಯಾಲಯಗಳು ಕಂಡುಹಿಡಿದದ್ದಲ್ಲ. ಅದಕ್ಕೆ ಪುಣೆಯಲ್ಲಿಯೇ ಒಂದೂವರೆ ಶತಮಾನದ ಇತಿಹಾಸವಿದೆ. ಜೋತಿರಾವ್ ಫುಲೆಯವರು ೧೮೪೮ರಲ್ಲಿ ಇಲ್ಲಿಯ ಭಿಡೇ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದರು. ಅವರ ಶಾಲೆಯಲ್ಲಿ ಓದಿದ ಮಾಂಗ್ ಸಮುದಾಯದ ಬಾಲಕಿ ಮುಕ್ತಾ ಸಾಳ್ವೆ ಮಹಾರ್ ಮಾಂಗರ ದುಃಖವನ್ನು ಕುರಿತು ಬರೆದ ಪ್ರಬಂಧವು ೧೮೫೫ರಲ್ಲಿ ಅಮೆರಿಕನ್ ಮಿಶನರಿಗಳ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ಅಮೆರಿಕದಲ್ಲಿ ೧೮೬೫ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾಯಿತು. ಎಂಟು ವರ್ಷಗಳ ತರುವಾಯ, ೧೮೭೩ರಲ್ಲಿ ಪ್ರಕಟವಾದ ‘ಗುಲಾಮಗಿರಿ’ ಗ್ರಂಥವನ್ನು ಫುಲೆಯವರು ಗುಲಾಮರ ವಿಮೋಚನೆಗಾಗಿ ಶ್ರಮಿಸಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು.

ಡಾ. ಅಂಬೇಡ್ಕರ್ ಅವರು ೧೯೧೩ರಿಂದ ೧೯೧೬ರವರೆಗೆ ವ್ಯಾಸಂಗ ಮಾಡಿದ ಕೊಲಂಬಿಯಾ ವಿಶ್ವವಿದ್ಯಾಲಯವು ಹಾರ್ಲೆಮ್ಮಿನ ನೆರೆಯಲ್ಲಿಯೇ ಇದೆ. ೧೯೪೬ರಲ್ಲಿ ಅವರು ಕಪ್ಪು ಜನರ ನಾಯಕರೂ ವಿದ್ವಾಂಸರೂ ಆದ ಡಬ್ಲ್ಯೂ. ಇ. ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಸಲ್ಲಿಸಲಾದ ಅಹವಾಲಿನ ಪ್ರತಿಯನ್ನು ಕೇಳಿದರು. ಡು ಬಾಯ್ಸ್ ಸಹಾನುಭೂತಿಯಿಂದ ಉತ್ತರಿಸಿದರು. ೧೯೭೨ರಲ್ಲಿ ಮುಂಬಯಿಯ ಯುವಲೇಖಕರು ತಮ್ಮ ಸಂಘಟನೆಗೆ ‘ದಲಿತ ಪ್ಯಾಂಥರ್’ ಎಂಬ ಹೆಸರನ್ನು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ ಪಡೆದರು.

ವಿದ್ವತ್ತಿನ ಕ್ಷೇತ್ರದಲ್ಲಿ ಈ ಎಳೆಯನ್ನು ಪುಣೆ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ಶರ್ಮಿಳಾ ರೇಗೆ (೧೯೬೪–೨೦೧೩) ಮುಂದುವರಿಸಿದರು. ಲಾವಣಿಯ ಕಲಾವಿದೆಯರ ಲೈಂಗಿಕತೆಯನ್ನು ಮೇಲುಜಾತಿಯ ಸಂಸ್ಕೃತಿ ತನ್ನ ಉಪಯೋಗಕ್ಕೆ ಒಗ್ಗಿಸಿಕೊಂಡ ಬಗೆಯನ್ನು ಅವರು ೧೯೯೫ರ ಲೇಖನವೊಂದರಲ್ಲಿ ತೋರಿಸಿದರು. ೨೦೦೨ರ ಇನ್ನೊಂದು ಲೇಖನದಲ್ಲಿ ಲಾವಣಿ ಮತ್ತು ಪೋವಾಡಗಳನ್ನು ಆಧಾರವಾಗಿಟ್ಟುಕೊಂಡು ‘ಜನಪ್ರಿಯ ಸಂಸ್ಕೃತಿ’ ಎಂಬ ಪರಿಕಲ್ಪನೆಯನ್ನೇ ಪರೀಕ್ಷಿಸಿದರು. ದಲಿತ ಸ್ತ್ರೀಯರ ಆತ್ಮಕಥನಗಳನ್ನು ಕುರಿತ ಅವರ ಗ್ರಂಥ ೨೦೦೬ರಲ್ಲಿ ಹೊರಬಂದಿತು. ತಮಾಷಾದ ಬಗ್ಗೆ ಪೈಕ್ ನಡೆಸಿದ ಸಂಶೋಧನೆಗೆ ನೆಲ ಹದಗೊಂಡಿದ್ದುದು ಹೀಗೆ.

೪. ಯೆರವಡಾದಿಂದ ಸಿನ್ಸಿನಾಟಿಗೆ

ಪೈಕ್ ಅವರು ಪುಣೆ ವಿಶ್ವವಿದ್ಯಾಲಯದಲ್ಲಿ ಪದವಿಗಳನ್ನು ಪಡೆದು, ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದಿಂದ ೨೦೦೭ರಲ್ಲಿ ಡಾಕ್ಟರೇಟ್ ಗಳಿಸಿದರು. ೨೦೧೦ರಿಂದ ಸಿನ್ಸಿನಾಟಿಯಲ್ಲಿ ಬೋಧಿಸುತ್ತಿದ್ದಾರೆ. ಅಂತರ್ಯುದ್ಧಕ್ಕೆ ಮುಂಚೆ ಆ ನಗರದ ಅಂಚಿನಲ್ಲಿ ಹರಿಯುವ ಓಹಾಯೋ ನದಿಯೇ ಗುಲಾಮಗಿರಿಯಿದ್ದ ರಾಜ್ಯಗಳಿಗೂ ಇಲ್ಲದ ರಾಜ್ಯಗಳಿಗೂ ನಡುವಣ ಗಡಿಯಾಗಿತ್ತು. ಬಿಡುಗಡೆಯನ್ನು ಅರಸಿ ಓಡಿಬಂದವರು ಆ ನದಿಯನ್ನು ದಾಟುತ್ತಿದ್ದರು.

ಅವರ ಮೊದಲ ಗ್ರಂಥ ಆಧುನಿಕ ಭಾರತದಲ್ಲಿ ದಲಿತ ಸ್ತ್ರೀಯರ ಶಿಕ್ಷಣವನ್ನು ಕುರಿತದ್ದು (೨೦೧೪). ವಿದ್ಯೆಯಿಂದ ಬಿಡುಗಡೆ ದೊರೆಯುತ್ತದೆಂಬುದು ಸಾಮಾನ್ಯ ನಂಬಿಕೆ. ಆ ನಂಬಿಕೆಯನ್ನು ಪೈಕ್ ತಳ್ಳಿಹಾಕುವುದಿಲ್ಲ. ಆದರೆ ಶಾಲೆಯೊಳಗೆ ಕಾಲಿಟ್ಟ ದಲಿತ ಹುಡುಗಿಗೆ ಜಾತಿಯ ಕಾರಣದಿಂದ ಒಂದು, ಹೆಣ್ಣಾದ ಕಾರಣದಿಂದ ಇನ್ನೊಂದು, ಹೀಗೆ ಇಮ್ಮಡಿ ಅಪಮಾನ ಕಾದಿರುತ್ತದೆಂಬುದನ್ನು ಪುಣೆಯಂಥ ನಗರಗಳ ಹೆಂಗಸರ ಬಾಯಿಂದ ಕೇಳಿದ ವೃತ್ತಾಂತಗಳಿಂದಲೂ ದಾಖಲೆಗಳಿಂದಲೂ ತೋರಿಸುತ್ತಾರೆ. ಅದೇ ವರ್ಷ ಅವರು ದಲಿತ ಸ್ತ್ರೀಯರಿಗೂ ಆಫ್ರಿಕನ್ ಅಮೆರಿಕನ್ ಸ್ತ್ರೀಯರಿಗೂ ನಡುವೆ ಕಟ್ಟಬಹುದಾದ ಸೇತುವೆಯ ವಿಷಯವಾಗಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಎರಡು ಸಮುದಾಯಗಳ ನೋವು ಒಂದೇ ಎಂಬುದು ಅದರ ತಾತ್ಪರ್ಯವಲ್ಲ; ಭಿನ್ನವಾದ ಚರಿತ್ರೆಗಳಿರುವವರು ಪರಸ್ಪರ ಕಲಿಯಬಲ್ಲರು ಎಂಬುದು ತಾತ್ಪರ್ಯ.

ಎರಡನೆಯ ಗ್ರಂಥವಾದ ‘ದ ವಲ್ಗ್ಯಾರಿಟಿ ಆಫ್ ಕಾಸ್ಟ್’ ೨೦೨೨ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯದಿಂದ ಪ್ರಕಟವಾಯಿತು. ಅಮೆರಿಕದ ಇತಿಹಾಸ ಪರಿಷತ್ತು ದಕ್ಷಿಣ ಏಶಿಯದ ಚರಿತ್ರೆಗಾಗಿ ಕೊಡುವ ಜಾನ್ ಎಫ್. ರಿಚರ್ಡ್ಸ್ ಬಹುಮಾನ ೨೦೨೩ರಲ್ಲಿ ಅದಕ್ಕೆ ಸಂದಿತು. ತಮಾಷಾದ ಹೆಂಗಸರು ಬರೆದಿಟ್ಟದ್ದು ಅತ್ಯಲ್ಪ. ಅವರನ್ನು ಕುರಿತು ಇತರರು ಬರೆದದ್ದರಲ್ಲಿ ಬೈಗಳೂ ಬೆರಗೂ ಹೆಚ್ಚು, ಮಾಹಿತಿ ಕಡಮೆ. ಆದ್ದರಿಂದ ಪೈಕ್ ಅವರು ಸರಕಾರಿ ಕಡತ, ಮರಾಠಿ ಪತ್ರಿಕೆ, ವಗದ ಪಠ್ಯ, ಚಲನಚಿತ್ರ ಇವೆಲ್ಲವನ್ನೂ ಜಾಲಾಡಿ, ಹಾಗೆ ದೊರೆತುದನ್ನು ಕಲಾವಿದೆಯರ ಮತ್ತು ಅವರ ಮನೆಯವರ ಮಾತಿನೊಡನೆ ತಾಳೆನೋಡುವ ಕ್ರಮವನ್ನು ಅನುಸರಿಸಿದ್ದಾರೆ.

೫. ಮೂರು ಪದಗಳು

ಈ ಗ್ರಂಥದ ಪ್ರತಿಪಾದನೆ ಮರಾಠಿಯ ಮೂರು ಪದಗಳ ಮೇಲೆ ನಿಂತಿದೆ: ‘ಅಶ್ಲೀಲ’, ‘ಅಸ್ಸಲ್’ ಮತ್ತು ‘ಮಾಣುಸಕಿ’. ಮೊದಲನೆಯದು ಕನ್ನಡಕ್ಕೂ ಸಮಾನ. ಎರಡನೆಯದು ಕನ್ನಡದ ‘ಅಸಲು’; ಕಲಬೆರಕೆಯಿಲ್ಲದ, ನಿಜವಾದ ಎಂದು ಅರ್ಥ. ಮೂರನೆಯದು ಮನುಷ್ಯತ್ವ, ಮನುಷ್ಯನಾಗಿ ಬಾಳುವ ಘನತೆ. ಅಂಬೇಡ್ಕರ್ ಅವರ ಚಳವಳಿಯಿಂದ ವಿಶೇಷ ಅರ್ಥಗೌರವವನ್ನು ಪಡೆದ ಪದವಿದು.

ಅಶ್ಲೀಲತೆಯೆಂಬುದು ಹಾಡಿನ ಶಬ್ದಗಳಲ್ಲಿ ಅಥವಾ ನೃತ್ಯದ ಭಂಗಿಗಳಲ್ಲಿ ಅಡಗಿರುವ ಗುಣವೆಂದು ಸಾಮಾನ್ಯರು ತಿಳಿಯುತ್ತಾರೆ. ಪೈಕ್ ಅವರ ಪ್ರಕಾರ ಅದನ್ನು ಅಂಟಿಸುವುದು ಜಾತಿ. ಶೃಂಗಾರವು ಸಂಸ್ಕೃತ ಕಾವ್ಯದಲ್ಲಿದ್ದರೆ ರಸ, ಪೇಶ್ವೆಯ ಸಭೆಯಲ್ಲಿದ್ದರೆ ವಿಲಾಸ. ಅದೇ ಶೃಂಗಾರವನ್ನು ಮಹಾರರ ಅಥವಾ ಮಾಂಗರ ಹೆಣ್ಣು ಜಾತ್ರೆಯಲ್ಲಿ ಅಭಿನಯಿಸಿದರೆ ಅಶ್ಲೀಲ. ಕೃತ್ಯವನ್ನು ನೋಡಿ ಹೆಸರಿಡುವ ಬದಲು ಕರ್ತೃವನ್ನು ನೋಡಿ ಹೆಸರಿಡಲಾಗುತ್ತದೆ. ಬಳಿಕ ಆ ಹೆಸರು ಹೆಣ್ಣಿನ ಮೈಗೆ ಅಂಟಿಕೊಂಡು, ಆಕೆ ವೇದಿಕೆಯಿಂದ ಇಳಿದ ಮೇಲೂ, ಆಕೆಯ ಮಕ್ಕಳು ಶಾಲೆಗೆ ಸೇರಿದಾಗಲೂ ಬಿಡುವುದಿಲ್ಲ.

ಪಠ್ಠೆ ಬಾಪೂರಾವ್ ಮತ್ತು ಪವಳಾ ಅವರ ಕಥೆ ಇದಕ್ಕೆ ಉಜ್ಜ್ವಲ ನಿದರ್ಶನ. ಇಂದಿನ ಸಾಂಗಲಿ ಜಿಲ್ಲೆಯ ಹಳ್ಳಿಯೊಂದರ ಕುಲಕರ್ಣಿ ಬ್ರಾಹ್ಮಣ ಮನೆತನದಲ್ಲಿ ೧೮೬೬ರಲ್ಲಿ ಹುಟ್ಟಿದ ಶ್ರೀಧರ ಕೃಷ್ಣ ಕುಲಕರ್ಣಿ ತಮಾಷಾದ ಸೆಳೆತಕ್ಕೆ ಸಿಕ್ಕಿ ಪಠ್ಠೆ ಬಾಪೂರಾವ್ ಎಂದು ಹೆಸರಾದರು. ಸಂಗಮನೇರ್ ಬಳಿಯ ಹಿವರಗಾಂವದಿಂದ ಬಂದ ಮಹಾರ್ ಸಮುದಾಯದ ಪವಳಾ ಅವರ ಮೇಳದ ಜೀವಾಳ. ಆತ ಜಾತಿಯನ್ನು ತೊರೆದದ್ದು ತ್ಯಾಗವೆನಿಸಿತು. ಆತನನ್ನು ಶಾಹಿರನೆಂದು ನಾಡು ಕೊಂಡಾಡಿತು. ಆಕೆಗೆ ತೊರೆಯಲು ಅಂಥದೊಂದು ಮೇಲ್ಮೆಯೇ ಇರಲಿಲ್ಲ. ಆಕೆಯ ಕಂಠ, ಅಭಿನಯ, ಹೆಸರಿಗಾಗಿ ಕಿಕ್ಕಿರಿದ ಜನಸಂದಣಿ ಇವೆಲ್ಲ ಆತನ ಚರಿತ್ರೆಯ ಒಂದು ಪ್ರಸಂಗವಾಗಿ ಕುಗ್ಗಿದವು.

ತಮಾಷಾ ಸಾಮ್ರಾಜ್ಞಿಯೆಂದು ಖ್ಯಾತರಾದ ಮಾಂಗ್ ಸಮುದಾಯದ ವಿಠಾಬಾಯಿ ನಾರಾಯಣಗಾಂವಕರ್ (೧೯೩೫–೨೦೦೨) ಅವರ ಬದುಕಿನಲ್ಲಿ ಈ ವಿರೋಧ ಇನ್ನಷ್ಟು ತೀಕ್ಷ್ಣವಾಗಿ ಕಾಣುತ್ತದೆ. ೧೯೫೭ರಲ್ಲಿಯೂ ೧೯೯೦ರಲ್ಲಿಯೂ ರಾಷ್ಟ್ರಪತಿಗಳಿಂದ ಪುರಸ್ಕೃತರಾದ ಈ ಮಹಾಕಲಾವಿದೆ ಕೊನೆಯ ದಿನಗಳನ್ನು ಕಷ್ಟದಲ್ಲಿ ಕಳೆದರು. ಅವರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ ಮಹಾರಾಷ್ಟ್ರ ಸರಕಾರ ತಮಾಷಾ ಕಲಾವಿದರಿಗಾಗಿ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿತು.

೬. ಸುಧಾರಣೆಯ ಇಕ್ಕಟ್ಟು

ಮೇಲುಜಾತಿಯವರು ಕೆಳಜಾತಿಯವರನ್ನು ಹೀಗಳೆದರು ಎಂಬಷ್ಟಕ್ಕೇ ಗ್ರಂಥವು ನಿಂತಿದ್ದರೆ ಅದರಲ್ಲಿ ಹೊಸತು ಕಡಮೆಯಿರುತ್ತಿತ್ತು. ಪೈಕ್ ಅವರು ತಮ್ಮದೇ ಚಳವಳಿಯ ಒಳಗನ್ನೂ ಅಷ್ಟೇ ನಿಷ್ಠುರವಾಗಿ ನೋಡುತ್ತಾರೆ. ೧೯೩೬ರ ಜೂನ್ ೧೬ರಂದು ಅಂಬೇಡ್ಕರ್ ಅವರು ಮುಂಬಯಿಯಲ್ಲಿ ಜೋಗತಿಯರು, ಮುರಳಿಯರು, ದೇವದಾಸಿಯರು ಸೇರಿದ್ದ ಸಭೆಯಲ್ಲಿ, ಎಷ್ಟೇ ಕಷ್ಟವಾದರೂ ಆ ಬಗೆಯ ಜೀವನವನ್ನು ಬಿಟ್ಟುಬರಬೇಕೆಂದು ಹೇಳಿದರು. ಅವರ ಚಳವಳಿಯ ಜಲಸಾಗಳು ತಮಾಷಾದ ಚೌಕಟ್ಟನ್ನೇ ಎರವಲು ಪಡೆದು, ಹೆಣ್ಣಿನ ಕುಣಿತವನ್ನು ಕೈಬಿಟ್ಟು, ಗೌಳಣದ ಸ್ಥಾನದಲ್ಲಿ ಸ್ವಾಭಿಮಾನದ ಬೋಧೆಯನ್ನು ತಂದವು.

ಮೈಯನ್ನು ಮಾರಿಸಿ, ಅನಂತರ ಮಾರಿದುದಕ್ಕೆ ಹಳಿಯುವ ವ್ಯವಸ್ಥೆಯಿಂದ ಹೊರಬರುವ ದಾರಿ ಅದಾಗಿತ್ತು. ಆ ಕರೆಯ ನ್ಯಾಯವನ್ನು ಪೈಕ್ ಅವರು ಪೂರ್ಣವಾಗಿ ಒಪ್ಪುತ್ತಾರೆ. ಆದರೆ ಸಮುದಾಯದ ಮಾನವನ್ನು ಕಾಯುವ ಹೊಣೆ ಹೆಂಗಸರ ನಡತೆಯ ಮೇಲೆ ಬಿದ್ದಾಗ, ಆ ವೃತ್ತಿಯಲ್ಲಿಯೇ ಉಳಿದವರು ತಮ್ಮವರಿಗೂ ಬೇಡವಾದರು. ಬೇರೆ ಹೊಲವಿಲ್ಲ, ಬೇರೆ ಕಸುಬಿಲ್ಲ. ಮನೆಮಂದಿಯ ಹೊಟ್ಟೆ ತುಂಬುವುದು ಆಕೆಯ ಗೆಜ್ಜೆಯಿಂದಲೇ. ಅಂಥವಳಿಗೆ ಮಾಣುಸಕಿಯ ಬಾಗಿಲು ಯಾವುದು? ಅಮೆರಿಕದ ಕಪ್ಪು ಸ್ತ್ರೀಯರ ಚರಿತ್ರೆಯಲ್ಲಿ ಎವಲಿನ್ ಬ್ರೂಕ್ಸ್ ಹಿಗ್ಗಿನ್‌ಬಾಥಮ್ ಅವರು ೧೯೯೩ರಲ್ಲಿ ‘ಗೌರವಸ್ಥಿಕೆಯ ರಾಜಕಾರಣ’ ಎಂದು ಹೆಸರಿಸಿದ ಇಕ್ಕಟ್ಟಿಗೆ ಇದು ಸಹೋದರಿ. ಬೆಸ್ಸಿ ಸ್ಮಿತ್ತಳ ಹಾಡಿಗೆ ಮುಖ ತಿರುಗಿಸಿದ ಕಪ್ಪು ಮಧ್ಯಮವರ್ಗಕ್ಕೂ, ತಮಾಷಾದ ಹೆಣ್ಣನ್ನು ಮರೆಯಬಯಸಿದ ಸುಧಾರಕರಿಗೂ ಇದ್ದ ಆತಂಕ ಒಂದೇ ಬಗೆಯದು: ಹೊರಗಿನವರು ಕೀಳೆಂದು ಕರೆಯುವ ಪ್ರತಿಯೊಂದು ನೆವವನ್ನೂ ಅಳಿಸಿಹಾಕಬೇಕೆಂಬ ಆತಂಕ.

ಪ್ರಭುತ್ವದ ನೀತಿಯೂ ಹೀಗೆಯೇ 
ತೂಗಾಡಿತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮುಂಬಯಿ ಸರಕಾರ ಅಶ್ಲೀಲವೆಂದು ತಮಾಷಾವನ್ನು ನಿರ್ಬಂಧಿಸಿತು. ಬಳಿಕ ವಿದ್ವಾಂಸರ ಸಮಿತಿಯನ್ನು ನೇಮಿಸಿ, ಪಠ್ಯಗಳನ್ನು ತಿದ್ದಿ, ‘ಶುದ್ಧ’ಗೊಳಿಸಿ ಮತ್ತೆ ಅನುಮತಿಯಿತ್ತಿತು. ೧೯೬೦ರಲ್ಲಿ ಮಹಾರಾಷ್ಟ್ರ ರಾಜ್ಯ ಉದಯವಾದ ಮೇಲೆ ಅದೇ ತಮಾಷಾ, ಅದೇ ಲಾವಣಿ, ‘ಅಸ್ಸಲ್’ ಮರಾಠಿ ಸಂಸ್ಕೃತಿಯ ಲಾಂಛನವಾಯಿತು. ಕಲೆ ಅಶ್ಲೀಲದಿಂದ ಅಸ್ಸಲಿಗೆ ಬಡ್ತಿ ಪಡೆಯಿತು. ಕಲಾವಿದೆಗೆ ಆ ಬಡ್ತಿ ದೊರೆಯಲಿಲ್ಲ.

ಚಲನಚಿತ್ರಗಳಲ್ಲಿಯೂ ಇದೇ ಕ್ರಮ. ೧೯೫೯ರ ‘ಸಾಂಗತ್ಯೇ ಐಕಾ’ ಪುಣೆಯ ವಿಜಯಾನಂದ ಚಿತ್ರಮಂದಿರದಲ್ಲಿ ೧೩೧ ವಾರ ಓಡಿತು. ೧೯೭೨ರ ‘ಪಿಂಜರಾ’ ಚಿತ್ರದಲ್ಲಿ ಆದರ್ಶವಾದಿಯಾದ ಶಾಲಾಮಾಸ್ತರನೊಬ್ಬ ತಮಾಷಾದ ಹೆಣ್ಣಿಗೆ ಮನಸೋತು ಪತನ ಹೊಂದುತ್ತಾನೆ. ಕಥೆ ನಡೆಯುವುದು ಆಕೆಯ ಬಿಡಾರದಲ್ಲಿ. ದುರಂತ ಮಾತ್ರ ಅವನದು. ಗ್ಯಾಬರ್ಡ್ ಅವರು ಹಾಲಿವುಡ್ಡಿನ ಜಾಝ್ ಚಿತ್ರಗಳಿಗೆ ಕೇಳಿದ ಪ್ರಶ್ನೆ, ಈ ಸಂಗೀತ ಯಾರ ಆತ್ಮಕಥೆಗೆ ಹಿಮ್ಮೇಳವಾಗಿದೆ ಎಂಬ ಪ್ರಶ್ನೆ, ಇಲ್ಲಿಯೂ ಸಲ್ಲುತ್ತದೆ.

೭. ಹೋಲಿಕೆಯ ಮಿತಿ

ಆದರೂ ಜಾಝ್ ಮತ್ತು ತಮಾಷಾಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವಾಗ ಎಚ್ಚರ ಬೇಕು. ಜಾತಿಯ ಗುರುತು ಚರ್ಮದ ಮೇಲಿರುವುದಿಲ್ಲ. ಹೆಸರು, ಊರು, ಕೇರಿ, ಕಸುಬುಗಳಿಂದ ಅದನ್ನು ಹುಡುಕಿ ತೆಗೆಯಲಾಗುತ್ತದೆ. ‘ಕಾಸ್ಟ್, ಕ್ಲಾಸ್ ಅಂಡ್ ರೇಸ್’ (೧೯೪೮) ಎಂಬ ಗ್ರಂಥದಲ್ಲಿ ಆಲಿವರ್ ಕಾಕ್ಸ್, ಅಮೆರಿಕದ ವರ್ಣಭೇದವನ್ನು ಜಾತಿಯೆಂದು ಕರೆಯುವುದೇ ತಪ್ಪೆಂದು ವಾದಿಸಿದ್ದನು. ಅದಕ್ಕೆ ಪ್ರತಿಯಾಗಿ ಇಸಬೆಲ್ ವಿಲ್ಕರ್ಸನ್ ೨೦೨೦ರಲ್ಲಿ ಆ ದೇಶದ ವ್ಯವಸ್ಥೆಗೆ ಜಾತಿಯೆಂಬ ಹೆಸರೇ ತಕ್ಕದ್ದೆಂದರು. ಚರ್ಚೆ ಇನ್ನೂ ಮುಗಿದಿಲ್ಲ. ಎರಡನೆಯದಾಗಿ, ಧ್ವನಿಮುದ್ರಣದ ಉದ್ಯಮವು ಕಪ್ಪು ಕಲಾವಿದರನ್ನು ಎಷ್ಟೇ ಸುಲಿದರೂ ಅವರ ಹೆಸರನ್ನೂ ಕಂಠವನ್ನೂ ಜಗತ್ತಿಗೆಲ್ಲ ಹಬ್ಬಿಸಿತು. ಬೆಸ್ಸಿ ಸ್ಮಿತ್ತಳ ಧ್ವನಿಯನ್ನು ಇಂದಿಗೂ ಕೇಳಬಹುದು. ಜಾತ್ರೆಯ ಬಯಲಿನಲ್ಲಿ ರಾತ್ರಿಯಿಡೀ ಹಾಡಿದ ಅಸಂಖ್ಯ ಹೆಂಗಸರ ಧ್ವನಿ ಗಾಳಿಗೆ ಹೋಯಿತು. ಮೂರನೆಯದಾಗಿ, ಕಪ್ಪು ಜನರ ನಡುವೆ ಬ್ಲೂಸ್ ಗಾಯನವು ಹುಟ್ಟಿನಿಂದ ವಿಧಿಸಿದ ವೃತ್ತಿಯಾಗಿರಲಿಲ್ಲ. ತಮಾಷಾ ಅನೇಕ ಮನೆಗಳಲ್ಲಿ ತಾಯಿಯಿಂದ ಮಗಳಿಗೆ ಬಂದ ಆಸ್ತಿಯೂ ಹೌದು, ಸಂಕಲೆಯೂ ಹೌದು. ಕೋಲ್ಹಾಟಿ ಕುಟುಂಬದಲ್ಲಿ ಹುಟ್ಟಿ ವೈದ್ಯರಾದ ಕಿಶೋರ ಶಾಂತಾಬಾಯಿ ಕಾಳೆ ತಮ್ಮ ಮರಾಠಿ ಆತ್ಮಕಥೆಯಲ್ಲಿ (೧೯೯೪) ಈ ಸಂಕಲೆಯ ಭಾರವನ್ನು ಬಣ್ಣಿಸಿದ್ದಾರೆ. ಅವರ ಹೆಸರಿನ ನಡುವೆ ತಂದೆಯ ಬದಲು ತಾಯಿಯ ಹೆಸರಿರುವುದೇ ಒಂದು ಕಥೆಯನ್ನು ಹೇಳುತ್ತದೆ.

ಹೋಲಿಕೆಯ ಫಲ ಸಾಮ್ಯವನ್ನು ಸಾಧಿಸುವುದರಲ್ಲಿ ಇಲ್ಲ. ಒಂದೆಡೆ ಕಲಿತ ಪ್ರಶ್ನೆಯನ್ನು ಇನ್ನೊಂದೆಡೆ ಕೇಳುವ ಧೈರ್ಯ ಬರುವುದರಲ್ಲಿದೆ. ಆ ಪ್ರಶ್ನೆ ಗ್ರಂಥಾಲಯದಲ್ಲಿಯೇ ಉಳಿದಿಲ್ಲವೆಂಬುದಕ್ಕೆ, ೨೦೨೩ರ ಫೆಬ್ರುವರಿಯಲ್ಲಿ ಸಿಯಾಟಲ್ ನಗರವು ಜಾತಿಯ ಆಧಾರದ ತಾರತಮ್ಯವನ್ನು ಕಾನೂನಿನಿಂದ ನಿಷೇಧಿಸಿದ್ದು ಸಾಕ್ಷಿ. ವಲಸೆ ಹೋದವರ ಸಾಮಾನುಗಳೊಡನೆ ಜಾತಿಯೂ ಸಾಗರವನ್ನು ದಾಟಿತೆಂಬುದನ್ನು ಅಮೆರಿಕದ ನಗರವೊಂದು ಅಧಿಕೃತವಾಗಿ ಒಪ್ಪಿಕೊಂಡದ್ದು ಅದೇ ಮೊದಲು.

೮. ಕನ್ನಡದ ಪಾಲು

ಪುಣೆಯ ಕನ್ನಡಿಗರು ಸಂಗೀತದ ಮಾತು ಬಂದಾಗ ಸವಾಯಿ ಗಂಧರ್ವರನ್ನು, ಅವರ ಸ್ಮರಣಾರ್ಥ ೧೯೫೩ರಿಂದ ನಡೆಯುತ್ತಿರುವ ಉತ್ಸವವನ್ನು, ಗದಗಿನ ನೆಲದಿಂದ ಬಂದು ಇಲ್ಲಿ ನೆಲೆಸಿದ ಭೀಮಸೇನ ಜೋಶಿಯವರನ್ನು ಸಕಾರಣವಾದ ಅಭಿಮಾನದಿಂದ ನೆನೆಯುತ್ತಾರೆ. ಕರ್ನಾಟಕ ಮತ್ತು ಮಹಾರಾಷ್ಟ್ರಗಳ ನಡುವೆ ಸಂಗೀತವು ನಡೆದಾಡಿದ ಇನ್ನೊಂದು ಹಾದಿಯೂ ಇದೆ. ಅದು ಸವದತ್ತಿಯ ಯಲ್ಲಮ್ಮನ ಗುಡ್ಡದಿಂದ ಹೊರಟು ಬೆಳಗಾವಿ, ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರಗಳ ಹಳ್ಳಿಗಳನ್ನು ಹಾಯುವ ಹಾದಿ. ಚೌಡಿಕೆಯ ಜೋಗತಿಯರು, ಗೀಗೀ ಮೇಳದವರು, ಲಾವಣಿಕಾರರು ನಡೆದ ಹಾದಿ. ಅದರ ಚರಿತ್ರೆ ಇನ್ನೂ ಸಮಗ್ರವಾಗಿ ರಚಿತವಾಗಬೇಕಾಗಿದೆ.

ಆ ಚರಿತ್ರೆಗೆ ಬೇಕಾದ ಸಾಮಗ್ರಿ ಕನ್ನಡದಲ್ಲಿ ಅಲ್ಪವೇನಲ್ಲ. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’, ೧೯೩೩ರಲ್ಲಿ ಲಾವಣಿಗಳ ಸಂಗ್ರಹವಾದ ‘ಜೀವನ ಸಂಗೀತ’ ಇವನ್ನು ಪ್ರಕಟಿಸಿ ಕನ್ನಡ ಜಾನಪದಕ್ಕೆ ಅಡಿಪಾಯ ಹಾಕಿದರು. ಅವರ ಸೇವೆ ಅನುಪಮವಾದುದು. ಆದರೂ ಪೈಕ್ ಅವರ ಗ್ರಂಥವನ್ನು ಓದಿದವರಿಗೆ ಮೊದಲಿನ ಶೀರ್ಷಿಕೆಯ ಆ ಒಂದು ಪದ ಬೇರೆಯಾಗಿ ಕೇಳಿಸುವುದು ಸಹಜ. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣು ‘ಗರತಿ’; ಹಾಗಾದರೆ ಬಣ್ಣ ಹಚ್ಚಿ ಬಯಲಿಗೆ ಬಂದ ಹೆಣ್ಣಿನ ಹಾಡಿಗೆ ಯಾವ ಹೆಸರು?

ಕುಲಗೋಡ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ವನ್ನು ಊರೂರಿಗೆ ಒಯ್ದು ಮನೆಮಾತಾಗಿಸಿದವರಲ್ಲಿ ಕೌಜಲಗಿಯ ನಿಂಗಮ್ಮ ಅಗ್ರಗಣ್ಯಳು. ಪಾರಿಜಾತ, ಸಣ್ಣಾಟಗಳಲ್ಲಿ ಹೆಜ್ಜೆಹಾಕಿದ ಹಲವು ಹೆಂಗಸರು ದೇವದಾಸಿ ಮನೆತನಗಳಿಂದ ಬಂದವರು. ಕವಿಯ ಊರು, ಕಾಲ, ಮತಗಳ ವಿಷಯದಲ್ಲಿ ಸಂಶೋಧಕರು ತೋರಿಸುವ ಶ್ರದ್ಧೆ ನಟಿಯ ವಿಷಯದಲ್ಲಿ ಕಾಣುವುದಿಲ್ಲ. ೧೯೨೪ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ ಬಾಲಕಿ ಗಂಗೂಬಾಯಿಗೆ, ತನ್ನ ಜಾತಿಯ ಕಾರಣದಿಂದ ಎಂಜಲೆಲೆಗಳನ್ನು ಎತ್ತಲು ಹೇಳುವರೇನೋ ಎಂಬ ಭಯವಿತ್ತೆಂದು ಅವರೇ ಮುಂದೆ ಹೇಳಿಕೊಂಡರು. ಗಂಡಸು ಹಾಡಿದರೆ ಪಂಡಿತನೋ ಉಸ್ತಾದನೋ ಆಗುತ್ತಾನೆ, ಹೆಣ್ಣು ಎಷ್ಟು ಹಾಡಿದರೂ ‘ಬಾಯಿ’ಯಾಗಿಯೇ ಉಳಿಯುತ್ತಾಳೆ ಎಂಬ ಅಭಿಪ್ರಾಯವನ್ನೂ ಗಂಗೂಬಾಯಿ ಹಾನಗಲ್ಲರು ವ್ಯಕ್ತಪಡಿಸಿದ್ದರು. ಖಯಾಲ್ ಗಾಯನದ ಶಿಖರವನ್ನೇರಿದವರ ಅನುಭವ ಇದಾದರೆ, ಜಾತ್ರೆಯ ಬಯಲಿನಲ್ಲಿ ನಿಂತವರ ಪಾಡನ್ನು ಊಹಿಸಬಹುದು. ೧೯೩೪ರ ಮುಂಬಯಿ ಶಾಸನವೂ ೧೯೮೨ರ ಕರ್ನಾಟಕ ಶಾಸನವೂ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಅನಿಷ್ಟವನ್ನು ತಡೆಯಹೊರಟವು. ಅದು ಆಗಲೇಬೇಕಾಗಿದ್ದ ಕಾರ್ಯ. ಬಿಡುಗಡೆಯಾದವರ ಕಲೆಗೂ ಅನ್ನಕ್ಕೂ ಗೌರವದ ನೆಲೆಯೇನೆಂಬುದು ಶಾಸನದ ಪುಟಗಳಲ್ಲಿ ಇತ್ಯರ್ಥವಾಗುವ ಪ್ರಶ್ನೆಯಲ್ಲ.

ಗಡಿಜಿಲ್ಲೆಗಳ ಮನೆಗಳಲ್ಲಿ ಪಾರಿಜಾತದ, ಸಣ್ಣಾಟದ, ಸಂಗೀತ ಬಾರಿಯ ಹಿರಿಯ ಕಲಾವಿದೆಯರು ಇನ್ನೂ ಇದ್ದಾರೆ. ಅವರಲ್ಲಿ ಅನೇಕರು ಕನ್ನಡ ಮತ್ತು ಮರಾಠಿಗಳನ್ನು ಸಲೀಸಾಗಿ ಬೆರೆಸಿ ಮಾತನಾಡುತ್ತಾರೆ. ಎರಡೂ ಭಾಷೆಗಳನ್ನು ಬಲ್ಲ, ಎರಡೂ ನಾಡುಗಳಲ್ಲಿ ನಂಟುಳ್ಳ ವಲಸೆಯ ಕನ್ನಡ ವಿದ್ವಾಂಸರಿಗಿಂತ ಆ ಮಾತುಗಳನ್ನು ಬರೆದುಕೊಳ್ಳಲು ಹೆಚ್ಚು ಅರ್ಹರು ಸಿಗಲಾರರು. ಬರೆದುಕೊಳ್ಳುವಾಗ ಪದದ ಧಾಟಿ, ತಾಳ, ಪಾಠಾಂತರಗಳೊಡನೆ ಹಾಡಿದವಳ ಹೆಸರು, ಊರು, ಕೇರಿ, ಆ ರಾತ್ರಿಯ ಆಟಕ್ಕೆ ಅವಳಿಗೆ ದೊರೆತ ಸಂಭಾವನೆ ಇವಿಷ್ಟನ್ನೂ ದಾಖಲಿಸುವುದು ಸಂಶೋಧನೆಯ ಕನಿಷ್ಠ ಕರ್ತವ್ಯವಾಗಬೇಕು. ತಮಾಷಾದ ಹೆಣ್ಣಿನ ಹೆಸರನ್ನು ಕಡತಗಳ ಅಂಚಿನಿಂದ ಎತ್ತಿ ಚರಿತ್ರೆಯ ನಡುವೆ ಇಟ್ಟದ್ದು ಪೈಕ್ ಅವರ ಕೊಡುಗೆ. ಆ ಕೆಲಸದ ಕನ್ನಡದ ಪಾಲು ಇನ್ನೂ ಬಾಕಿಯಿದೆ.